ದೇವರಿಗೆಂದು ಹರಿದ ಡೇಲಿಯಾ

‘ಡಾಕ್ಟರ ತಾಯಿ ಅಷ್ಟು ಬೆಳಗ್ಗೆ ಎದ್ದು ನಮ್ಮ ಬೀದಿ ಕಾಯುತ್ತಾರಪ್ಪ’ ಎನ್ನುತ್ತಿದ್ದರು ಇಂಗ್ಲೆಂಡಿನ ಕೊವೆಂಟ್ರಿಯ ಆ ನೆರೆಹೊರೆಯವರು. ‘ಇಂಥವರೊಬ್ಬರಿದ್ದರೆ ಪೊಲೀಸರೇ ಬೇಡ.’

ನೀಲಮ್ಮ ಬೆಳಗ್ಗೆ ಏಳುತ್ತಿದ್ದುದು ನಿಜ. ಒಂದು ಮನೆಯನ್ನೂ ಬಿಡದೆ ನೋಡುತ್ತಿದ್ದುದೂ ನಿಜ. ಲಿಂಗಪೂಜೆಗೆ ಹೂ ಬೇಕಲ್ಲ! ಸೀರೆಯ ಮೇಲೆ ಮಗನ ಓವರ್‌ಕೋಟು, ಕಾಲಿಗೆ ಸೊಸೆಯ ಬೂಟು. ಗುಲಾಬಿ ಒಬ್ಬರದು, ಡೇಲಿಯಾ ಇನ್ನೊಬ್ಬರದು. ಹುಬ್ಬಳ್ಳಿಯಲ್ಲಿ ಜನ್ಮವಿಡೀ ಓಣಿಯವರ ಕಾಂಪೌಂಡಿನಿಂದ ಹೀಗೇ ಹೂ ಹರಿದವಳು. ಇಲ್ಲಿ ಬೈಯುವವರು ಅಷ್ಟು ಬೇಗ ಏಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

೧೯೯೮ರ ಬೇಸಿಗೆಯದು. ಆರು ತಿಂಗಳ ವೀಸಾದ ಮೇಲೆ ಮಗನ ಮನೆಗೆ ಬಂದಿದ್ದಳು. ಅವಳ ಅಂಗೈಯ ಲಿಂಗವೇ ಕಾಣದಷ್ಟು ದೊಡ್ಡ ಡೇಲಿಯಾ ಕಂಡ ದಿನ ಮಗ ವಿಶ್ವೇಶ್ವರ ಕಿಟಕಿಯಾಚೆ ಇಣುಕಿ ನೋಡಿದ.

“ಅವ್ವಾ, ಇದು ಪಕ್ಕದ್ಮನಿ ರಾನ್‌ಂದಲ್ಲ? ಇಲ್ಲಿ ಇದಕ್ಕ ತುಡುಗು ಅಂತಾರ!”

“ದೇವ್ರಿಗೆ ಹರದ್ರ ತುಡುಗು ಹ್ಯಾಂಗಾಗ್ತದೋ? ಪುಣ್ಯ ಗಿಡದಾವ್ಗ ಹೋಗ್ತದ. ದಿನಾ ಅವನ ಹೆಸರು ಹೇಳೇ ಏರಸ್ತೀನಿ.”

“ಸುಮ್ಮನಿರು. ನಾ ಇಲ್ಲಿ ಜಿಪಿ, ಈ ಮಂದಿಗೆಲ್ಲ ಡಾಕ್ಟರ್ ಇದ್ದೀನಿ. ಯಾರ ಮುಂದನೂ ಬಾಯಿ ಬಿಡಬ್ಯಾಡ.”

ಆದರೆ ಪುಣ್ಯ ಅಡ್ಡದಾರಿ ಹಿಡಿದಿತ್ತು. ರಾನ್ ಮತ್ತು ಅವನಾಚೆ ಮನೆಯ ಕೆನ್ ಕಾರು ಕಾರ್ಖಾನೆಯಲ್ಲಿ ಜೊತೆಗೆ ದುಡಿದು ನಿವೃತ್ತರಾದವರು. ದಿನವೂ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುವವರು. ಊರಿನ ಡೇಲಿಯಾ ಸ್ಪರ್ಧೆಯಲ್ಲಿ ಇಬ್ಬರೂ ಪೈಪೋಟಿಗೆ ಬೀಳುವವರು ಬೇರೆ. ಹೂ ಕಾಣೆಯಾದಾಗ ರಾನ್ ಬೆರಳು ತೋರಿಸಿದ್ದು ಕೆನ್ ಕಡೆಗೆ. ಮಾತು ನಿಂತಿತು. ಬೆಂಚು ಖಾಲಿಯಾಯಿತು.

ನೀಲಮ್ಮ ಕಿಟಕಿಯಿಂದ ಆ ಬೆಂಚು ನೋಡಿ ನೋಡಿ ಊಟ ಬಿಟ್ಟಳು. “ಪೂಜಿ ಮಾಡಿದಾಕಿ ನಾನು, ಮಾತು ಬಿಟ್ಟಾವ್ರು ಅವ್ರು. ಎಲ್ಲೋ ತಪ್ಪೇದ” ಎಂದು ಗೊಣಗಿ, ಒಂದು ದಿನ ಬಾಡಿದ ಡೇಲಿಯಾ ಹಿಡಿದು ರಾನ್‌ನ ಬಾಗಿಲು ಬಡಿದಳು. ಎದೆ ಮುಟ್ಟಿಕೊಂಡು, “ಮೀ. ಥೀಫ್” ಅಂದಳು.

ರಾನ್‌ನ ಕಣ್ಣು ತುಂಬಿ ಬಂತು. ‘ಆ ಕೆನ್‌ನನ್ನು ಉಳಿಸಲು ತಾನೇ ಕಳ್ಳಿ ಎನ್ನುತ್ತಾರೆ! ಎಂಥ ಮನಸ್ಸು!’ ಎಂದು ಬೀದಿಗೆಲ್ಲ ಸಾರಿದ. ನೀಲಮ್ಮನ ಗೌರವ ಇಮ್ಮಡಿಯಾಯಿತು. ಕೆನ್‌ನ ಹೆಸರು ಇನ್ನಷ್ಟು ಕೆಟ್ಟಿತು.

ಇನ್ನು ಹರಿಯುವಾಗಲೇ ಸಿಕ್ಕಿಬೀಳದೆ ವಿಧಿಯಿಲ್ಲ. ಸ್ಪರ್ಧೆಯ ಹಿಂದಿನ ದಿನ, ಸುಡು ಮಧ್ಯಾಹ್ನ, ಗೆಳೆಯರಿಬ್ಬರೂ ತಂತಮ್ಮ ತೋಟದಲ್ಲಿ ಬೆನ್ನು ಕೊಟ್ಟುಕೊಂಡು ನಿಂತಿದ್ದರು. ನೀಲಮ್ಮ ಸೆರಗು ಸಿಕ್ಕಿಸಿ, ಗಟ್ಟಿಯಾಗಿ ಕೆಮ್ಮಿ, ಮೋಟುಗೋಡೆ ಹತ್ತಿಳಿದು, ಸ್ಪರ್ಧೆಗೆಂದೇ ರಾನ್ ಕೊಡೆಯಡಿ ಸಾಕಿದ್ದ ಹೂವನ್ನೇ ಹರಿದಳು.

“ರಾನ್, ನೋಡಿದೆಯಾ?” ಎಂದ ಕೆನ್.

“ನೋಡಿದೆ.”

“ನಾನಲ್ಲ ಅಂದಿದ್ದೆ ತಾನೇ, ಮುಠ್ಠಾಳ!”

“ನನ್ನ ಕಪ್ ಹೋಯಿತು. ನಗಬೇಡವೋ” ಎಂದ ರಾನ್, ತಾನೇ ನಗುತ್ತ. ಬಾಗಿಲಲ್ಲಿ ನಿಂತು ಎಲ್ಲ ಕಂಡ ವಿಶ್ವೇಶ್ವರ ಮಾತ್ರ ಒಳಗೆ ಹೋಗಿ ಪರದೆ ಎಳೆದುಕೊಂಡ.

ವೀಸಾ ಮುಗಿಯಿತು. ಹೊರಟ ದಿನ ನೀಲಮ್ಮ ಹೊಸ್ತಿಲು ದಾಟಿ ಬಂದಾಗ ಗೆಳೆಯರು ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ರಾನ್‌ನ ಗಿಡದಲ್ಲಿ ಕೊನೆಯ ಡೇಲಿಯಾ ಒಂದಿತ್ತು. ಅವಳನ್ನು ಕಂಡದ್ದೇ ಇಬ್ಬರೂ ಎದ್ದು ಗಿಡಕ್ಕೆ ಬೆನ್ನು ತಿರುಗಿಸಿ, ಆಕಾಶದಲ್ಲಿ ಏನೋ ಭಾರೀ ಇರುವಂತೆ ನೋಡುತ್ತ ನಿಂತರು.

“ಅವ್ವಾ, ಫ್ಲೈಟ್ ತಪ್ತದ!” ಎಂದ ಮಗ ಕಾರಿನಿಂದ.

“ಒಂದ ನಿಮಿಷ ತಡಿಯೋ” ಎಂದು ನೀಲಮ್ಮ ಸೆರಗು ಸಿಕ್ಕಿಸಿದಳು.