ಬಿದ್ದವನ ಹತ್ತಿರ ಹೋಗಬಾರದು

ಆಟದಲ್ಲಿ ನಾನು ಕೊಂದವರಿಗೆ ಲೆಕ್ಕವಿಲ್ಲ. ಕುತ್ತಿಗೆಗೆ ಚೂರಿ ಹಾಕಿದ್ದೇನೆ, ಮೆಟ್ಟಿಲ ಮೇಲಿಂದ ಗ್ರೆನೇಡ್ ಉರುಳಿಸಿದ್ದೇನೆ, ಓಡುವವನ ಬೆನ್ನಿಗೆ ಗುಂಡು ಇಟ್ಟಿದ್ದೇನೆ. ಹಗಲೆಲ್ಲ ಮಾನ್ವಿಯ ಆಸ್ಪತ್ರೆಯಲ್ಲಿ ಜನರ ಗಾಯಕ್ಕೆ ಪಟ್ಟಿ ಕಟ್ಟಿ, ಸಂಜೆ ಬಸ್ಸಿನಲ್ಲಿ ರಾಯಚೂರಿಗೆ ಬಂದು, ಮುಖ ತೊಳೆದು ಚಹಾ ಕುಡಿದು, ಜನರನ್ನು ಕೊಲ್ಲಲು ಕೂರುವ ನರ್ಸು ನಾನು. ನಮ್ಮವ್ವ ಒಮ್ಮೆ ನೋಡಿ, "ಹುಚ್ಚು ಹಿಡದದೇನ್ ಬೇ ನಿನಗ?" ಅಂದಿದ್ದಳು. ಹಿಡಿದಿದ್ದರೂ ಅದನ್ನು ಹಿಡಿಸಿದವನು ನನ್ನ ಗಂಡ.

ಅವನು ಮಿಲಿಟ್ರಿಯಲ್ಲಿದ್ದಾನೆ. ನನ್ನ ಸೋದರಮಾವನ ಮಗ. ಚಿಕ್ಕಂದಿನಲ್ಲಿ ಅರಕೇರಾದ ಅವರ ಅಂಗಳದಲ್ಲಿ ಇಬ್ಬರೂ ಕಲ್ಲು ತೂರಾಡಿ ಒಬ್ಬರ ತಲೆ ಒಬ್ಬರು ಒಡೆದವರು, ಹಾಗಾಗಿ ಮಂದಿಯ ಮುಂದೆ ಮಾತ್ರ "ರೀ" ಅನ್ನುತ್ತೇನೆ. ಮದುವೆಯಾದ ಮೇಲೆ ಒಂದು ರಜೆಯಲ್ಲಿ ಆಟದ ಮಷಿನ್ನು ತಂದು ಟಿವಿಗೆ ಜೋಡಿಸಿದ. "ನಾ ಇಲ್ಲದಾಗ ಆಡು. ನಾ ಅಲ್ಲಿ ಏನ್ ಮಾಡ್ತೀನಂತ ಜರಾ ತಿಳೀತದ" ಅಂದ. ಈಗಿನ ಕಾಲದ ಯುದ್ಧದ ಆಟ ಅದು. ಮುರಿದ ಮನೆಗಳ ಊರು, ಕೈಯಲ್ಲಿ ಬಂದೂಕು, ಎದುರಿಗೆ ಬಂದವನನ್ನು ಹೊಡೆಯುವುದು.

ಒಳ್ಳೆಯದನ್ನು ಒಳ್ಳೆಯದು ಅನ್ನಲೇಬೇಕು. ಆ ಆಟದ ಸದ್ದಿಗೆ ಸಾಟಿಯಿಲ್ಲ. ಹೆಡ್‌ಫೋನ್ ಹಾಕಿಕೊಂಡರೆ ಗೋಡೆಯಾಚೆ ನಡೆಯುವವನು ಮಣ್ಣು ತುಳಿಯುತ್ತಿದ್ದಾನೋ ಗಾಜಿನ ಚೂರು ತುಳಿಯುತ್ತಿದ್ದಾನೋ ಗೊತ್ತಾಗುತ್ತದೆ. ದೂರದಿಂದ ಯಾರಾದರೂ ಹೊಡೆದರೆ ಮೊದಲು ಪಕ್ಕದವನ ತಲೆ ಸಿಡಿಯುತ್ತದೆ, ಸದ್ದು ಆಮೇಲೆ ಬರುತ್ತದೆ. ಬಂದೂಕು ಅಂಗೈಯೊಳಗೆ ಒದೆಯುತ್ತದೆ. ಗುರಿ ಹಿಡಿದು ಉಸಿರು ಕಟ್ಟುವ ಗುಂಡಿ ಒತ್ತಿದರೆ ಸೋಫಾದ ಮೇಲೆ ಕೂತ ನನ್ನ ಉಸಿರೂ ನಿಲ್ಲುತ್ತದೆ. ಕತ್ತಲ ಮನೆಗೆ ನುಗ್ಗಿ, ಒಂದೊಂದೇ ಕೋಣೆಯವರನ್ನು ಮುಗಿಸಿ ಹೊರಬಂದಾಗ ಕುಪ್ಪಸ ಬೆನ್ನಿಗೆ ಅಂಟಿರುತ್ತದೆ. ರಾಯಚೂರಿನ ಬಿಸಿಲಿನಲ್ಲಿ ಹುಟ್ಟಿ ಬೆಳೆದವಳಿಗೆ ಆಟವೊಂದು ಬೆವರು ಇಳಿಸಿತೆಂದರೆ ಅದರ ತಾಕತ್ತು ದೊಡ್ಡದೇ.

ಕೆಟ್ಟದ್ದನ್ನೂ ಹೇಳುತ್ತೇನೆ, ನರ್ಸಾಗಿಯೇ ಹೇಳುತ್ತೇನೆ. ಎದೆಗೆ ಗುಂಡು ತಿಂದವನು ಗೋಡೆಯ ಮರೆಯಲ್ಲಿ ನಾಲ್ಕು ಉಸಿರು ಕೂತರೆ ವಾಸಿಯಾಗಿ ಎದ್ದು ಓಡುತ್ತಾನೆ. ನಮ್ಮಲ್ಲಿ ಕುಡುಗೋಲು ತಾಗಿದ ಬೆರಳೇ ವಾರಗಟ್ಟಲೆ ಕೀವು ಸುರಿಸುತ್ತದೆ. ಆಟದ ಊರಿನಲ್ಲಿ ಮನೆಮುಂದಿನ ಹಗ್ಗದ ಮೇಲೆ ಬಟ್ಟೆ ಒಣಗುತ್ತಿರುತ್ತವೆ, ಒಗೆದ ಹೆಂಗಸು ಎಲ್ಲೂ ಇಲ್ಲ. ಇಡೀ ಓಣಿಯನ್ನು ಕೊಂದು ಹಾಕಿದರೂ ಒಬ್ಬರೂ ಬಾಯಿ ಬಡಿದುಕೊಳ್ಳುವುದಿಲ್ಲ. ಹೆಣಗಳು ಸ್ವಲ್ಪ ಹೊತ್ತು ಬಿದ್ದಿದ್ದು ಮಾಯವಾಗುತ್ತವೆ. ಇದನ್ನು ಮಾಡಿದವರು ಜೀವಮಾನದಲ್ಲಿ ಒಂದು ಹೆಣ ಎತ್ತಿದವರಲ್ಲ, ಅದರ ಭಾರ ಅವರಿಗೆ ಗೊತ್ತಿಲ್ಲ. ಇನ್ನು ನೆಟ್ಟಿನಲ್ಲಿ ಹೊರಗಿನವರ ಜೊತೆ ಆಡುವಾಗ ಹೆಣ್ಣಿನ ದನಿ ಕೇಳಿದರೆ ಸಾಕು, ಹೊಲಸು ಬೈಗುಳ ಶುರು. ಒಬ್ಬನಿಗೆ ಅವನ ಏಳು ತಲೆಮಾರು ನೆನಪಾಗುವಂತೆ ನಮ್ಮ ಕಡೆಯ ಮಾತಿನಲ್ಲಿ ಝಾಡಿಸಿ ಆಮೇಲೆ ಮೈಕು ಬಂದ್ ಮಾಡಿದೆ.

ಗಂಡ ಕಲಿಸಿದ ಮೊದಲ ಪಾಠ ಇದು: "ನಮ್ಮವ ಬಿದ್ದರೂ ಅವನ ಹತ್ರ ಓಡಬ್ಯಾಡ. ಹೊಡದವ ಅಲ್ಲೇ ಕಾಯ್ತಿರ್ತಾನ. ಬಿದ್ದವನ್ನ ಗಾಳಕ್ಕ ಹಾಕಿ ನಿನ್ನ ಹಿಡೀತಾನ." ಮೊದಮೊದಲು ಓಡಿ ಓಡಿ ಸತ್ತೆ. ಆಮೇಲೆ ಕಲಿತೆ.

ಒಂದು ಬೇಸಿಗೆಯಲ್ಲಿ ಅವನಿದ್ದ ಕಡೆ ಗುಂಡು ಹಾರತೊಡಗಿ ಅವನ ಫೋನು ನಿಂತುಹೋಯಿತು. ಟಿವಿಯವರು ಮದುವೆ ಮನೆಯ ಬ್ಯಾಂಡಿನವರ ಹಾಗೆ ಕುಣಿಯುತ್ತಿದ್ದರು. ಅರಕೇರಾದಿಂದ ಮಾವ, ಅಂದರೆ ಅವನ ಅಪ್ಪ, ರೊಟ್ಟಿಯ ಗಂಟು ಕಂಕುಳಲ್ಲಿಟ್ಟುಕೊಂಡು ದೇವದುರ್ಗದ ಬಸ್ಸು ಹಿಡಿದು ಬಂದರು. "ಸುದ್ದಿ ಬರೋತನಕ ಇಲ್ಲೇ ಇರ್ತೀನಿ ಬೇ. ಊರಾಗ ಮಂದಿ ಕೇಳೋದು ತಡಕೊಳ್ಳಾಕ ಆಗವಲ್ದು" ಅಂದರು.

ಸುದ್ದಿ ನೋಡಿ ನೋಡಿ ನನ್ನ ತಲೆ ಕೆಟ್ಟಿತು. ಅದನ್ನು ಬಂದ್ ಮಾಡಿ ಆಟ ಹಚ್ಚಿದೆ. ಯಾರನ್ನಾದರೂ ಕೊಲ್ಲದೆ ಆ ಸಂಜೆ ಕಳೆಯುವಂತಿರಲಿಲ್ಲ. ಮಾವ ಹಿಂದೆ ನಿಂತು ನೋಡಿದರು.

"ಅವ ಇರೋ ಜಾಗ ಹಿಂಗ ಅದೇನು?"

"ಜರಾ ಹಿಂಗ ಅದ ಅಂತಾನ್ರಿ ಮಾವಾ."

"ಕೊಡಿಲ್ಲಿ ಆ ರಿಮೋಟು."

ಹರೆಯದಲ್ಲಿ ಮಾವ ಶಿಕಾರಿಯವರು. ಆಗೆಲ್ಲ ಯುಗಾದಿ ಕಳೆದ ಮೇಲೆ ಊರ ಗಂಡಸರು ಗುಡ್ಡಕ್ಕೆ ಶಿಕಾರಿಗೆ ಹೋಗುವ ಪದ್ಧತಿ ಇತ್ತು. ಈಗ ಕಾನೂನು ಬಿಡುವುದಿಲ್ಲ. ಅವರ ಮನೆತನದಲ್ಲಿ ಒಂದು ಕಟ್ಟಳೆ. ಹೊಡೆದವನು ಬಿದ್ದ ಪ್ರಾಣಿಯ ಹತ್ತಿರ ತಾನೇ ಹೋಗಬೇಕು, ಮೈಮೇಲೆ ಕೈಯಿಟ್ಟು ಜೀವ ಹೋಗುವವರೆಗೆ ಕೂರಬೇಕು. ಸಾಯುವ ಹಂದಿ ತಿರುಗಿಬಿದ್ದು ಕೋರೆ ಹಾಕಿದರೂ ಬಿಟ್ಟು ಬರುವಂತಿಲ್ಲ. ಹಾಗೆ ಸೀಳಿದ ಗುರುತು ಮಾವನ ತೊಡೆಯ ಮೇಲೆ ಇವತ್ತಿಗೂ ಇದೆ.

ಗುಂಡಿಗಳು ಕೈಗೆ ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಹತ್ತಿದ ಮೇಲೆ ಮುದುಕನ ಗುರಿ ತಪ್ಪಲಿಲ್ಲ. ಕಿಟಕಿಯಲ್ಲಿದ್ದವನ ಗಂಟಲಿಗೆ ಹೊಡೆದರು, ಅವನು ಕೆಳಗೆ ಬಿದ್ದು ಕಾಲು ಬಡಿಯತೊಡಗಿದ. ಮಾವ ಮರೆ ಬಿಟ್ಟು ನಟ್ಟನಡು ರಸ್ತೆಯಲ್ಲಿ ಅವನ ಕಡೆ ನಡೆದರು.

"ಹೋಗಬ್ಯಾಡ್ರಿ ಮಾವಾ!"

ತಲೆಗೆ ಗುಂಡು ಬಿತ್ತು. ಮತ್ತೆ ಆಡಿದರು, ಮತ್ತೆ ಹೊಡೆದರು, ಮತ್ತೆ ನಡೆದುಹೋಗಿ ಸತ್ತರು. ಎಷ್ಟು ಸಲ ಕೂಗಿದರೂ ಅದೇ. "ಸತ್ತಾನೋ ಇಲ್ಲೋ ನೋಡಬ್ಯಾಡೇನು?" ಎಂದು ನನ್ನನ್ನೇ ಗದರಿಸಿದರು. ಕೊನೆಗೊಮ್ಮೆ ಹೇಗೋ ಒಬ್ಬನ ಹತ್ತಿರ ಮುಟ್ಟಿದರು. ಅವರು ನೋಡುತ್ತಿದ್ದಂತೆ ಆ ಹೆಣ ಮಾಯವಾಯಿತು, ಬರೀ ನೆಲ ಉಳಿಯಿತು.

"ಎಲ್ಲಿ ಹ್ವಾದ? ಈಗ ಇಲ್ಲೇ ಬಿದ್ದಿದ್ನಲ್ಲ!" ಮಾವ ಎದ್ದುನಿಂತು ಟಿವಿಯ ಹತ್ತಿರ ಹೋಗಿ ನೋಡಿದರು. "ಇದು ಹೇಡಿಗೋಳ ಆಟ ಬೇ."

ನನ್ನ ಸಿಟ್ಟು ನೆತ್ತಿಗೇರಿತು. "ಹೋಗಬ್ಯಾಡ್ರಿ ಅಂದ್ರ ಕೇಳಂಗಿಲ್ಲ. ನಿಮ್ಮ ಮಗನಿಗೂ ಇದನ್ನ ಕಲಿಸೀರೇನು?"

ಮಾವ ರಿಮೋಟು ಸೋಫಾದ ಮೇಲಿಟ್ಟರು. "ಕಲಿಸೀನಿ" ಅಂದರು. "ಸಣ್ಣವಿದ್ದಾಗ ಕಿವಿ ಹಿಂಡಿ ಕಲಿಸೀನಿ."

ಅಲ್ಲಿಂದ ಫೋನು ಬರುವವರೆಗೂ ನಾವಿಬ್ಬರೂ ಹೆದರಿದ್ದು ಶತ್ರುವಿಗಲ್ಲ, ಆ ಕಟ್ಟಳೆಗೆ. ಎಲ್ಲಿ ಯಾರು ಬಿದ್ದಿದ್ದಾರೋ, ಇವನು ಎದ್ದು ಹೋಗಿದ್ದಾನೋ. ಮಾವ ರೊಟ್ಟಿ ಮುರಿದು ಹಾಗೇ ಇಡುತ್ತಿದ್ದರು. ನಾನು ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗಲೂ ಅಲ್ಲೇ ಇದ್ದೆ, ಕಾಣದ ಆ ಬಯಲಿನಲ್ಲಿ.

ಒಂದು ಬೆಳಿಗ್ಗೆ ಮಾನ್ವಿಯ ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಫೋನು ಬಂತು. "ಅದೀನಿ" ಅಂದ. ನಾನು ಹೊಸ್ತಿಲ ಮೇಲೆ ಕುಸಿದು ಗಟ್ಟಿಯಾಗಿ ಅತ್ತೆ, ಪಕ್ಕದ ಮನೆಯವರು ಓಡಿಬಂದರು. ಅವರನ್ನು ಕಳಿಸಿ ಸ್ಪೀಕರ್ ಹಾಕಿದೆ. ಗಾಯವಾಗಿದೆಯೇನು ಎಂದು ಮಾವ ಕೇಳಿದರು.

"ನನಗೇನಾಗಿಲ್ಲ ಯಪ್ಪಾ. ನನ್ನ ಜೋಡಿ ಇದ್ದವ ಬಿದ್ದ. ಬಯಲಾಗ ಬಿದ್ದ, ಹೊಟ್ಟಿ ಹರದಿತ್ತು. ಕೈ ಎತ್ತಿ ನನ್ನ ಹೆಸರ್ಹಿಡದು ಕರದ. ಬಾಳ ಹೊತ್ತು ಕರದ. ನಾ ಹೋಗಲಿಲ್ಲ ಯಪ್ಪಾ."

ಮಾವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಇವರು ಈಗ ಮಗನಿಗೆ ಉಗಿಯುತ್ತಾರೆ ಅಂದುಕೊಂಡೆ.

"ಚಲೋ ಮಾಡ್ದಿ" ಅಂದರು ಮಾವ. "ಹೋಗಲಾರದ್ದು ಚಲೋ ಮಾಡ್ದಿ ಮಗನ. ಆ ಹುಡುಗನ ಊರು ಯಾವುದು?"

ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಆ ಗಳಿಗೆಯಲ್ಲಿ ಯಾರ ಮಗ ಎಲ್ಲಿ ಬಿದ್ದಿದ್ದರೂ ನನಗೆ ಬೇಕಾಗಿರಲಿಲ್ಲ.

ಸತ್ತವನ ಊರು ಕೃಷ್ಣಾ ನದಿಯ ಆಚೆ, ತೆಲಂಗಾಣದ ಕಡೆ. ಮಾವನಿಗೆ ತೆಲುಗು ಬರುತ್ತದೆ. ಹೆಣ ಊರಿಗೆ ಬಂದು ಮಣ್ಣು ಮುಗಿದ ಮೇಲೆ ಒಬ್ಬರೇ ಹೋಗಿ ಸಂಜೆಗೆ ತಿರುಗಿ ಬಂದರು. ಕೊಟ್ಟ ಚಹಾ ಮುಟ್ಟಲಿಲ್ಲ.

"ಅವನವ್ವ ಒಂದ ಮಾತು ಕೇಳಿದಳು ಬೇ. ಕಡೀಗಿ ನನ್ನ ಮಗನ ಬಾಯಾಗ ಯಾರರ ನೀರು ಬಿಟ್ರೇನು ಅಂತ."

"ನೀವೇನಂದ್ರಿ?"

"ನನ್ನ ಮಗ ಬಿಟ್ಟಾನ ಅಂದೆ." ಮಾವ ತಮ್ಮ ಅಂಗೈ ನೋಡಿಕೊಂಡರು. "ಈ ಕೈ ಹಿಡಕೊಂಡು ಕಣ್ಣಿಗೆ ಒತ್ತಿಕೊಂಡಳು. ಅವ ರಜಾಕ್ಕ ಬಂದಾಗ ನೋಡಾಕ ಬರ್ತಾಳಂತ. ನೀ ಅವನಿಗೆ ಮೊದಲೇ ಹೇಳಿಡು. ಬಾಟ್ಲಿಲೇ ಅಲ್ಲ, ಬೊಗಸಿಲೇ ಬಿಟ್ಟೆ ಅನ್ನಬೇಕು. ನಾ ಹಂಗ ಹೇಳಿ ಬಂದೀನಿ."