ಆಟೋಕ್ಲೇವ್‌ನಿಂದ ಬಂದ ಜಟಾಮಾಂಸಿಯ ವಾಸನೆ

೨೦೦೬ರಲ್ಲಿ ನಾನು ದೆಹಲಿ ಬಳಿಯ ಮಾನೇಸರ್‌ನ ಒಂದು ಖಾಸಗಿ ಸಂಶೋಧನಾಲಯದಲ್ಲಿ ಅಂಗಾಂಶ ಕೃಷಿ ವಿಭಾಗದ ಮುಖ್ಯಸ್ಥನಾಗಿದ್ದೆ. ಜಟಾಮಾಂಸಿ ಗಿಡದ ಬೇರನ್ನಷ್ಟೇ ಗಾಜಿನ ಫ್ಲಾಸ್ಕಿನಲ್ಲಿ ಬೆಳೆಸಿ ಸುಗಂಧ ತೈಲ ಪಡೆಯುವುದು ನಮ್ಮ ಪ್ರಾಜೆಕ್ಟು. ಎಲೆಯ ತುಣುಕಿಗೆ ಒಂದು ಬಗೆಯ ಬ್ಯಾಕ್ಟೀರಿಯಾ ಸೋಕಿಸಿದರೆ ಕೂದಲಿನಂಥ ಬೇರುಗಳು ಹೊರಡುತ್ತವೆ. ಅವಕ್ಕೆ ಹೇರಿ ರೂಟ್ ಎನ್ನುತ್ತೇವೆ.

ಆ ಕೆಲಸ ಶಾಲಿನಿಯದು. ಧಾರವಾಡದಿಂದ ಬಂದು ಪಿಎಚ್.ಡಿ. ಮಾಡುತ್ತಿದ್ದಳು. ಹಿಮಾಲಯದಿಂದ ಅವಳೇ ಹೊತ್ತು ತಂದ ಗಿಡಗಳು ನಮ್ಮ ಸೆಕೆಗೆ ಒಂದೊಂದಾಗಿ ಸತ್ತವು. ಉಳಿದದ್ದು ಬೇರಿನ ಎರಡೇ ತಳಿ, ಎ ಮತ್ತು ಬಿ. ಐದು ವರ್ಷದ ಫೆಲೋಶಿಪ್ಪಿನ ಕೊನೆಯ ವರ್ಷ. ಎಣ್ಣೆ ಸಿಕ್ಕರೆ ಪದವಿ, ಇಲ್ಲದಿದ್ದರೆ ಬರಿಗೈ.

ಎ ಹುಲುಸಾಗಿ ಬೆಳೆಯುತ್ತಿತ್ತು. ಬಿ ತಿಂಗಳಾದರೂ ಬೆರಳುದ್ದ ದಾಟುತ್ತಿರಲಿಲ್ಲ. ಪರಿಶೀಲನಾ ಸಮಿತಿ ಬರುವುದಿತ್ತು. ಫ್ಲಾಸ್ಕು ಅಲುಗಿಸುವ ಶೇಕರ್ ಮೇಲೆ ಜಾಗ ಸಾಲದು. ಸೋಮವಾರ ಬೆಳಿಗ್ಗೆ, ಬಿ ತಳಿಯನ್ನು ತೆಗೆದುಬಿಡು ಎಂದೆ.

“ಸರ್, ಅದು ನಿಧಾನ ಖರೆ. ಆದ್ರ ಮುಚ್ಚಳ ತೆಗೆದ್ರ ವಾಸನಿ ಅದರಾಗೇ ಬರ್ತದ. ಗುರುವಾರ ಎಣ್ಣಿ ಅಳಿಯೋ ಜಿಸಿ ಟೆಸ್ಟಿಗೆ ನಮ್ಮ ಪಾಳಿ ಅದ. ಮೂರು ದಿನ ಕೊಡ್ರಿ.”

“ಮೂಗು ನಂಬಿ ಥೀಸಿಸ್ ಬರೀತೀಯೇನಮ್ಮಾ? ಸಮಿತಿಗೆ ತೂಕ ತೋರಿಸಬೇಕು.”

ಅವಳು ಬಿ ತಳಿಯ ಫ್ಲಾಸ್ಕುಗಳನ್ನು ಶೇಕರ್‌ನಿಂದ ಇಳಿಸಿದಳು. ಬ್ಯಾಕ್ಟೀರಿಯಾದ ಜೀನ್ ಸೇರಿದ ಬೇರನ್ನು ಹಾಗೇ ಬಿಸಾಡುವಂತಿಲ್ಲ, ಆಟೋಕ್ಲೇವ್‌ನಲ್ಲಿ, ಅಂದರೆ ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ, ಬೇಯಿಸಿ ಕೊಲ್ಲಬೇಕು. ನಾನೇ ರಿಜಿಸ್ಟರಿಗೆ ಸಹಿ ಹಾಕಿದೆ. ಹನ್ನೆರಡು ಫ್ಲಾಸ್ಕು ಒಳಗೆ ಹೋದವು.

ಮಧ್ಯಾಹ್ನ ಅಟೆಂಡರ್ ಹಬೆ ಬಿಟ್ಟ. ಕಾರಿಡಾರಿನ ತುಂಬ ಜಟಾಮಾಂಸಿ, ಒದ್ದೆ ಮಣ್ಣಿನ ಹಾಗೆ ಗಾಢವಾದ ವಾಸನೆ. “ಸಾಬ್, ಯೇ ಖುಷ್ಬೂ ಕೈಸಿ?” ಇದೇನು ಸುವಾಸನೆ ಎಂದು ಅವನು ಕೇಳಿದ. ಶಾಲಿನಿ ಗೋಡೆಗೊರಗಿ ನಿಂತಿದ್ದಳು.

“ಒಂದಾದರೂ ಇಟ್ಟಿದ್ದೀಯಾ?”

“ಎಲ್ಲಾ ಅಂದ್ರಲ್ರೀ ಸರ್ ನೀವು.”

ಎಣ್ಣೆಯ ಒಂದೊಂದು ಅಂಶಕ್ಕೂ ಒಂದೊಂದು ಶಿಖರ ಬರೆಯುವ ಯಂತ್ರ ಜಿಸಿ. ಗುರುವಾರ ಎ ತಳಿಗೆ ಅದು ಬರೆದದ್ದು ಸಪಾಟು ಗೆರೆ, ಎಣ್ಣೆಯೇ ಇಲ್ಲ. ಗಿಡ ತರಲು ಮತ್ತೆ ಅನುಮತಿ ಸಿಗಲಿಲ್ಲ. ಮಾರ್ಚ್‌ನಲ್ಲಿ ಅವಳು ಕೊಠಡಿಯ ಕೀಲಿ ನನ್ನ ಮೇಜಿನ ಮೇಲಿಟ್ಟು ಊರಿಗೆ ಹೋದಳು. ತಪ್ಪು ನನ್ನದೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಈಗಲೂ ನಾಚಿಕೆಯಾಗುತ್ತದೆ.

ಅಳೆಯುವ ಮೊದಲು ಯಾವುದನ್ನೂ ಕೊಲ್ಲಬಾರದು, ದಿನವೂ ಅದರ ಮುಚ್ಚಳ ತೆಗೆಯುವವರ ಮಾತು ಕೇಳಬೇಕು. ಇಷ್ಟು ಕಲಿಯಲು ನನಗೆ ಇನ್ನೊಬ್ಬರ ಐದು ವರ್ಷ ಬೇಕಾಯಿತು. ದೆಹಲಿಯ ದ್ವಾರಕಾದ ನಮ್ಮ ಫ್ಲ್ಯಾಟಿನಲ್ಲಿ ಕುಕ್ಕರ್ ಕೂಗಿದಾಗೆಲ್ಲ ನಾನು ಬಾಲ್ಕನಿಗೆ ಹೋಗಿ ನಿಲ್ಲುತ್ತೇನೆ. ಬೇಳೆಯದೇ ಹಬೆ, ಗೊತ್ತು. ಆದರೂ ಆ ವಾಸನೆಯೇ ಬರುತ್ತದೆ. ನಿವೃತ್ತನಿಗೆ ದಿನಗಳಿಗೇನು ಬರ? ಅವಳು ಕೇಳಿದ್ದು ಮೂರು.