ಬಿಸಿನೀರಣ್ಣ ಕುದಿಸಿದ ಕಲ್ಲುಗಳು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಎಲ್ಲರೂ ಅವನನ್ನು ಬಿಸಿನೀರಣ್ಣ ಎಂದೇ ಕರೆಯುತ್ತಿದ್ದರು. ಕೂದಲು ಕಪ್ಪಗಿದ್ದಾಗ ಆ ನೆಲಮಾಳಿಗೆಗೆ ಇಳಿದವನು, ಬೆಳ್ಳಗಾದ ಮೇಲೆಯೇ ಮೇಲೆ ಬಂದದ್ದು. ರಕ್ತ, ಕೀವು, ವಾಂತಿ, ಯಾರದೋ ಕೊನೆಯ ಬೆವರು, ಎಲ್ಲವನ್ನೂ ಹೊತ್ತು ವಾರ್ಡುಗಳಿಂದ ಬರುತ್ತಿದ್ದ ಚಾದರಗಳನ್ನು ಕುದಿಸಿ, ಹಿಂಡಿ, ಇಸ್ತ್ರಿ ಮಾಡಿ, ಹಾಲಿನಂತೆ ಬೆಳ್ಳಗೆ ಮಾಡಿ ಕಳಿಸುತ್ತಿದ್ದ. ಡಾಕ್ಟರರ ಔಷಧಿ ಒಮ್ಮೆ ನಾಟುತ್ತದೆ, ಒಮ್ಮೆ ಇಲ್ಲ. ಕುದಿಯುವ ನೀರು ಮಾತ್ರ ಯಾವತ್ತೂ ಕೈಕೊಟ್ಟದ್ದಿಲ್ಲ ಎಂದು ಅವನು ನಂಬಿದ್ದ. ದೇವರ ಮೇಲೆ ಇಡಬೇಕಾದ ನಂಬಿಕೆಯನ್ನು ಅವನು ಹಂಡೆಯ ಮೇಲೆ ಇಟ್ಟಿದ್ದ ಎನ್ನಬಹುದು.

ನಿವೃತ್ತನಾದ ಮೇಲೆ ಈ ನಂಬಿಕೆ ಅವನ ಜೊತೆ ಮನೆಗೆ ಬಂತು. ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು, ಚಿಲಕದ ಸ್ಕ್ರೂ, ಕೈಗೆ ಸಿಕ್ಕಿದ್ದೆಲ್ಲ ಪಾತ್ರೆಗೆ ಇಳಿದವು. ಒಮ್ಮೆ ಹೆಂಡತಿಯ ಕನ್ನಡಕವನ್ನೂ ಕುದಿಸಿದ. ಅದು ಸೊಟ್ಟಕಾಲಿನ ಏಡಿಯಂತಾಗಿ ಹೊರಬಂತು.

"ಪುಣ್ಯಕ್ಕೆ ನಾನು ಆ ಪಾತ್ರೆಯಲ್ಲಿ ಹಿಡಿಸಲ್ಲ. ಇಲ್ಲಾಂದ್ರೆ ನನ್ನ ಕಾಯಿಲೆನೂ ಹೀಗೇ ತೆಗೀತಿದ್ರಿ," ಎಂದಿದ್ದಳು ಅವಳು.

ಅವಳ ಕಾಯಿಲೆ ಶ್ವಾಸಕೋಶದ್ದು. ಮುಂದಿನ ಕೋಣೆಯಲ್ಲಿ ಮಂಚ, ಪಕ್ಕದಲ್ಲಿ ಗೊರಗುಟ್ಟುವ ಆಮ್ಲಜನಕದ ಯಂತ್ರ, ಅಲ್ಲಿಂದ ಮೂಗಿಗೆ ಒಂದು ತೆಳು ನಳಿಗೆ. ಗೋಡೆ ನೋಡುತ್ತ ಮಲಗಿರುವ ತಾಯಿಯ ಕಣ್ಣಿಗೊಂದು ಆಸರೆಯಾಗಲೆಂದು, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಎದುರಿಗೆ ಉಪ್ಪುನೀರಿನ ಗಾಜಿನ ತೊಟ್ಟಿ ತಂದಿರಿಸಿದ್ದಳು. ಅದರಲ್ಲಿ ಸಮುದ್ರದ ತೂತುತೂತು ಕಲ್ಲುಗಳು, ಕಲ್ಲುಗಳ ಮೈತುಂಬ ಅಂಗಿಯ ಗುಂಡಿಯಷ್ಟಗಲದ ಹಸಿರು ಹೂಗಳು. ಹೂವೆಂದರೆ ಹೂವಲ್ಲ, ಅವೂ ಜೀವಿಗಳೇ. ನೆರಳು ಬಿದ್ದರೆ ಮುದುಡುತ್ತಿದ್ದವು. ಅವುಗಳ ನಡುವೆ ಅಂಗೈಯಂತೆ ಚಪ್ಪಟೆಯಾದ ಒಂದೇ ಒಂದು ಹಳದಿ ಮೀನು. ಹೊಟ್ಟೆ ತುಂಬ ತಿಂದು ಬೆನ್ನು ತಿರುಗಿಸಿ ಹೋಗುತ್ತಿದ್ದ ಅದಕ್ಕೆ ಹೆಂಡತಿ ಅಳಿಯ ಎಂದು ಹೆಸರಿಟ್ಟಳು.

"ಮಗಳಿಗೆ ಇನ್ನೂ ಮದುವೆಯಾಗಿಲ್ಲ, ಅಳಿಯ ಆಗಲೇ ಬಂದು ಠಿಕಾಣಿ ಹೂಡಿದ್ದಾನೆ."

ಕಲ್ಲು ಜೋಡಿಸಿಕೊಟ್ಟ ದಿನ, ಸಾಕುಮೀನು ಮಾರುವ ಮೀನಂಗಡಿಯವನು, "ಹೂಗಳನ್ನ ಬರಿಗೈಲಿ ಮುಟ್ಟಬೇಡಿ ಯಜಮಾನ್ರೇ," ಎಂದಿದ್ದ. ಮುಟ್ಟಿದರೆ ಬಾಡುತ್ತವೇನೋ ಎಂದು ಮನೆಯವರು ತಿಳಿದರು. ಯಾಕೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ರೋಗ ಮೊದಲು ಕಂಡದ್ದು ಹೆಂಡತಿಗೇ.

"ರೀ, ಅಳಿಯನ ಮೈಮೇಲೆ ಉಪ್ಪು ಉದುರಿದ ಹಾಗಿದೆ, ನೋಡಿ."

ಅದು ಉಪ್ಪಲ್ಲ. ಮರುದಿನಕ್ಕೆ ರೆಕ್ಕೆಗಳ ಮೇಲೂ ಬಿಳಿ ಚುಕ್ಕೆ ಎದ್ದಿತು. ಮೀನು ಕಲ್ಲಿಗೆ ಮೈ ಉಜ್ಜತೊಡಗಿತು. ಕಿವಿರುಗಳನ್ನು ಪಟಪಟ ಬಡಿಯುತ್ತ ನೀರು ಚಿಮ್ಮುವ ಕೊಳವೆಯ ಬಾಯಿಗೇ ಹೋಗಿ ನಿಂತಿತು. ಮೇವು ಮೂತಿಯ ಮುಂದೆ ತೇಲಿ ಹೋದರೂ ಬಾಯಿ ಹಾಕಲಿಲ್ಲ.

"ಅವನಿಗೂ ಉಸಿರು ಸಾಲ್ತಿಲ್ಲ," ಎಂದು ಹೆಂಡತಿ ತನ್ನ ತಟ್ಟೆ ಸರಿಸಿದಳು. "ಅವನು ತಿನ್ನಲಿ, ಆಮೇಲೆ ನಾನು ತಿಂತೀನಿ."

"ಹುಚ್ಚು ಹಠ ಮಾಡಬೇಡ ಕಣೇ."

"ಹಠ ಅಲ್ಲ. ಗಂಟಲಲ್ಲಿ ಇಳಿಯಲ್ಲ."

ಅವಳು ಇನ್ನು ಸೊರಗಿದರೆ ಆ ಶ್ವಾಸಕೋಶ ತಡೆಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೀಗಾಗಿ ಬಿಸಿನೀರಣ್ಣನಿಗೆ ಮೀನಿನ ಹೊಟ್ಟೆಯೂ ಹೆಂಡತಿಯ ಹೊಟ್ಟೆಯೂ ಒಂದೇ ಆಗಿಹೋಯಿತು.

ಮಗಳು ಕರೆಸಿದ ಮೇಲೆ ಮೀನಂಗಡಿಯವನು ಬಂದು ಮೀನನ್ನು ಬಲೆಯಲ್ಲಿ ಹಿಡಿದು, ಔಷಧಿ ಬೆರೆಸಿದ ಉಪ್ಪುನೀರಿನ ಬಕೆಟ್ಟಿಗೆ ಬಿಟ್ಟು, ಅದನ್ನು ಬಚ್ಚಲುಮನೆಯಲ್ಲಿ ಇರಿಸಿದ.

"ರೋಗ ಮೀನಲ್ಲಿ ಮಾತ್ರ ಇಲ್ಲ, ಆ ಕಲ್ಲುಗಳಲ್ಲೂ ಕೂತಿದೆ. ಎರಡೂವರೆ ತಿಂಗಳು ತೊಟ್ಟಿಗೆ ಮೀನು ಬಿಡಬೇಡಿ. ಹಿಡ್ಕೊಳ್ಳೋಕೆ ಮೀನು ಸಿಗದೆ ತಾನೇ ಸಾಯುತ್ತೆ."

"ಎರಡೂವರೆ ತಿಂಗಳು ಇವಳು ಏನು ನೋಡ್ಕೊಂಡು ಮಲಗಬೇಕು?"

"ಅವಸರಕ್ಕೆ ಬೀಳಬೇಡಿ ಯಜಮಾನ್ರೇ," ಎಂದಷ್ಟೇ ಹೇಳಿ ಅವನು ಹೊರಟುಹೋದ.

ಹೆಂಡತಿ ಗೋಡೆಯ ಕಡೆ ಹೊರಳಿದಳು. "ಆ ತೊಟ್ಟಿಯ ದೀಪ ಆರಿಸಿಬಿಡಿ. ಯಾರೂ ಇಲ್ಲದ ಮನೆಗೆ ದೀಪ ಯಾಕೆ."

ಆ ಮಾತು ಅವನಿಗೆ ಎದೆಯಲ್ಲಿ ಮುರಿದ ಮುಳ್ಳಾಯಿತು. ಕಲ್ಲಲ್ಲಿ ಕೂತ ರೋಗ. ಚಾದರದಲ್ಲಿ ಕೂತದ್ದನ್ನು ಓಡಿಸಿದವನಿಗೆ ಇದೇನು ಮಹಾ? ಮಗಳು ಕೆಲಸಕ್ಕೆ ಹೋದದ್ದೇ ತಡ, ತೋಳು ಮಡಿಸಿ ತೊಟ್ಟಿಗೆ ಕೈ ಹಾಕಿದ. ಹೂಗಳು ಮುದುಡಿ ಲೋಳೆ ಬಿಟ್ಟವು. ಕಲ್ಲುಗಳನ್ನೆಲ್ಲ ದೊಡ್ಡ ಪಾತ್ರೆಗೆ ತುಂಬಿ, ಬಿರುಸಾದ ಬ್ರಷ್ಷಿನಿಂದ ಗಸಗಸ ಉಜ್ಜಿ, ನೀರು ಸುರಿದು ಒಲೆಯ ಮೇಲಿಟ್ಟ. ಗಾಳಿ ಬಡಿದರೆ ಹೆಂಡತಿಗೆ ಕೆಮ್ಮು ಬರುತ್ತದೆಂದು ಮನೆಯ ಕಿಟಕಿಗಳನ್ನೆಲ್ಲ ಮೊದಲೇ ಮುಚ್ಚಿದ್ದ.

ನೀರು ಮರಳಿತು. ಮೊದಲು ಸಮುದ್ರದ ವಾಸನೆ ಬಂತು, ಆಮೇಲೆ ಏನೋ ಸುಟ್ಟು ಕೊಳೆತ ವಾಸನೆ. ಆವಿ ಚಾವಣಿ ಹಿಡಿದು ಮುಂದಿನ ಕೋಣೆಗೆ ಮೆಲ್ಲಗೆ ತೆವಳಿತು.

"ಏನ್ರೀ ಅದು ವಾಸನೆ?"

"ರೋಗ ಸಾಯ್ತಿರೋ ವಾಸನೆ. ಸಂಜೆಗೆ ನಿನ್ನ ಅಳಿಯನ್ನ ಮನೆ ತುಂಬಿಸ್ಕೊಳ್ತೀನಿ, ಸುಮ್ಮನಿರು."

ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ ಅವಳು ನಕ್ಕದ್ದು ಕೇಳಿ ಅವನು ಉರಿ ಇನ್ನಷ್ಟು ಜೋರು ಮಾಡಿದ.

ಕಲ್ಲುಗಳನ್ನು ತಿರುವಿ ಹಾಕುವಾಗ ನಾಲಗೆಯ ಮೇಲೆ ಕಬ್ಬಿಣ ನೆಕ್ಕಿದಂಥ ರುಚಿ ಬಂತು. ಬೆರಳ ತುದಿಗಳು ಜೋಮು ಹಿಡಿದವು. ಉಜ್ಜಿದ ಶ್ರಮ, ವಯಸ್ಸು ಎಂದುಕೊಂಡ. ಎದೆ ಬಿಗಿಯಿತು, ಅದಕ್ಕೂ ವಯಸ್ಸೇ ಕಾರಣವಾಯಿತು. ಮುಂದಿನ ಕೋಣೆಯಲ್ಲಿ ಕೆಮ್ಮು ಎದ್ದಿತು. ಅದು ಅವನಿಗೆ ಗೊತ್ತಿದ್ದ ಕೆಮ್ಮಲ್ಲ. ಒಣಕಲು, ಗಿಡ್ಡನೆಯ ಕೆಮ್ಮು, ಒಂದರ ಬೆನ್ನಿಗೆ ಇನ್ನೊಂದು.

ಅದೇ ಹೊತ್ತಿಗೆ ಮಗಳು ಫೋನು ಮಾಡಿದಳು. "ಅಮ್ಮ ಏನಾದ್ರೂ ತಿಂದ್ಲಾ ಅಪ್ಪ?"

"ಇನ್ಮೇಲೆ ತಿಂತಾಳೆ. ಕಲ್ಲುಗಳನ್ನೆಲ್ಲ ಕುದಿಸಿಬಿಟ್ಟೆ."

"ಕುದಿಸಿದ್ರಾ? ಇರಿ, ಮೀನಂಗಡಿಯವನನ್ನ ಕೇಳಿ ಹೇಳ್ತೀನಿ."

ಮತ್ತೆ ಫೋನು ಬಂದಾಗ ಅವಳ ದನಿ ಅವಳದಾಗಿರಲಿಲ್ಲ. "ಅಪ್ಪ, ಒಲೆ ಆರಿಸಿ. ಅಮ್ಮನ್ನ ಎತ್ಕೊಂಡು ಹೊರಗೆ ಹೋಗಿ, ಈಗಲೇ. ಆ ಹೂಗಳಲ್ಲಿ ವಿಷ ಇದೆಯಂತೆ. ಕುದಿಸಿದ್ರೆ ಹಬೆಯಲ್ಲಿ ಏಳುತ್ತಂತೆ. ಕುದಿದ್ರೂ ಅದು ಸಾಯಲ್ಲಂತೆ ಅಪ್ಪ."

ಕುದಿದರೂ ಸಾಯದ್ದು. ಅಂಥದ್ದೊಂದನ್ನು ದೇವರು ಮಾಡಿರಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಒಲೆ ಆರಿಸಿ ಓಡಿದ. ಯಂತ್ರವನ್ನು ಹೊರುವ ಹಾಗಿರಲಿಲ್ಲ. ನಳಿಗೆ ಬಿಡಿಸಿ, ಹೆಂಡತಿಯನ್ನು ತೋಳಲ್ಲಿ ಎತ್ತಿಕೊಂಡ. ಅವಳು ಒದ್ದೆ ಮಾಡಿ ಹಿಂಡಿದ ಬಟ್ಟೆಗಿಂತ ಹಗುರವಾಗಿದ್ದಳು. ಮೆಟ್ಟಿಲ ಮೇಲೆ ಇಬ್ಬರೂ ಕುಸಿದು ಕೂತರು. ಅವಳ ತುಟಿ ನೀಲಿಯಾಗುತ್ತಿತ್ತು.

"ಅಳಿಯ ಒಳಗೇ ಇದ್ದಾನೆ," ಎಂದಳು.

ಆಂಬುಲೆನ್ಸ್ ಬಂದದ್ದು ಅವನೇ ದುಡಿದ ಆಸ್ಪತ್ರೆಯಿಂದ. ಏನಾಯಿತೆಂದು ಚಿಕ್ಕ ಡಾಕ್ಟರು ಕೇಳಿದಾಗ ಅವನು, "ನಾನು ಕಲ್ಲು ಕುದಿಸಿದೆ," ಎಂದ. ಮುದುಕನಿಗೆ ತಲೆ ಕೆಟ್ಟಿದೆಯೇ ಎಂಬಂತೆ ಅವರು, ಅಷ್ಟರಲ್ಲಿ ಆಸ್ಪತ್ರೆಗೆ ಓಡಿಬಂದಿದ್ದ ಮಗಳ ಮುಖ ನೋಡಿದರು. ಅವಳು ಬಿಡಿಸಿ ಹೇಳಿದಳು. ಹಿರಿಯ ಡಾಕ್ಟರು ಆ ವಿಷದ ಬಗ್ಗೆ ಓದಿ, ಯಾರಿಗೋ ಫೋನು ಮಾಡಿ ಬಂದರು. ಈ ವಿಷಕ್ಕೆ ಮದ್ದಿಲ್ಲ, ಉಸಿರಿಗೆ ಯಂತ್ರದ ಆಸರೆ ಕೊಟ್ಟು ಕಾಯಬೇಕು ಎಂದರು. ಅವನು ಚೇತರಿಸಿಕೊಳ್ಳಬಹುದು. ಅವಳ ವಿಷಯ ಹೇಳಲು ಬಾರದು.

ಮರುದಿನ ಮಗಳು ಮುಖಕ್ಕೆ ಮುಸುಕು ಬಿಗಿದು, ಮೀನಂಗಡಿಯವನ ಜೊತೆ ಮನೆಗೆ ಹೋಗಿ ಬಂದಳು. ಮುಚ್ಚಿದ್ದ ಬಚ್ಚಲುಮನೆಯ ಬಾಗಿಲ ಹಿಂದೆ ಮೀನು ಬದುಕಿತ್ತು. ಮೇವು ಹಾಕಿದರೆ ಒಂದು ಚೂರು ತಿಂದಿತಂತೆ.

ಬಿಸಿನೀರಣ್ಣ ತನ್ನ ಹಾಸಿಗೆಯಿಂದ ಗೋಡೆ ಹಿಡಿದು ಅವಳ ಹಾಸಿಗೆಯವರೆಗೆ ಹೋದ. ತನ್ನ ಕೆಮ್ಮು ನಿಲ್ಲುವವರೆಗೆ ಕಾದು, ಅವಳ ಕಿವಿಯ ಹತ್ತಿರ ಬಗ್ಗಿದ.

"ತಿಂದನಂತೆ ಕಣೇ."

ಯಂತ್ರ ಅವಳ ಎದೆಯನ್ನು ಎತ್ತಿತು, ಇಳಿಸಿತು. ಕೇಳಿಸಿತೋ ಇಲ್ಲವೋ ಎಂದು ಅವನು ಇನ್ನೊಮ್ಮೆ ಹೇಳಿದ.